ಎತ್ತು ತಿಂದ ಮೀಥೇನ್

ನಿನ್ನೆ ನಾನು ಒಂದು ಆಕ್ಸಿಜನ್ ತುಳಿದು ಜಾರಿ ಬೀಳುವುದರಲ್ಲಿದ್ದೆ.

ನಗಬೇಡಿ. ನನ್ನ ಮೊಮ್ಮಗಳು ಶ್ಯಾಮಲಾ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ಅವಳಪ್ಪ ಅವಳಿಗೊಂದು ಡಬ್ಬಿ ತಂದುಕೊಟ್ಟಿದ್ದಾನೆ. ಅದರ ತುಂಬ ಪ್ಲಾಸ್ಟಿಕ್ಕಿನ ಗುಂಡುಗಳು, ಗುಂಡಿಗೆ ತೂತು, ತೂತಿಗೆ ಸಿಕ್ಕಿಸಲು ಬೂದುಬಣ್ಣದ ಕಡ್ಡಿಗಳು. ಕರಿ ಗುಂಡು ಕಾರ್ಬನ್ನು, ಬಿಳಿಯದು ಹೈಡ್ರೋಜನ್ನು, ಕೆಂಪಗಿನದು ಆಕ್ಸಿಜನ್ನು. ಹೀಗೆ ಜೋಡಿಸಿದರೆ ನೀರು, ಹಾಗೆ ಜೋಡಿಸಿದರೆ ಸಾರಾಯಿ. ನಮ್ಮಂಥ ಆಚಾರ್ಯರ ಮನೆಯ ಪಡಸಾಲೆಯಲ್ಲಿ ಸಾರಾಯಿ ಬಿದ್ದಿರುತ್ತದೆ, ಕೇಳುವವರಿಲ್ಲ.

"ತಾತಾ, ಸ್ವಲ್ಪ ನೆಲ ನೋಡ್ಕೊಂಡು ನಡೀಬಾರದಾ?" ಎಂದು ನನ್ನನ್ನೇ ಗದರಿಸಿದಳು. ಅಷ್ಟಕ್ಕೇ ಬಿಡಲಿಲ್ಲ. "ರೋಡಿನಾಗೂ ಹಂಗಽ ಮಾಡ್ತಿ. ಬಲಕ್ಕ ಅಷ್ಟು ಜಾಗ ಬಿಟ್ಟು ಚರಂಡಿ ಅಂಚಿಗೇ ನಡೀತಿ. ಒಂದಿನ ಬೀಳ್ತಿ ನೋಡು."

ಮಂಚದ ಮೇಲೆ ಕೂತು ಆ ಕೆಂಪು ಗುಂಡನ್ನು ಕೈಯಲ್ಲಿ ಹೊರಳಿಸುತ್ತ ಇದ್ದೆ. ನಮ್ಮ ಕಾಲದ ಪರಮಾಣುಗಳನ್ನು ತುಳಿದರೆ ಜಾರುತ್ತಿರಲಿಲ್ಲ, ಮೆತ್ತಗೆ ಪುಡಿಯಾಗುತ್ತಿದ್ದವು. ಅವನ್ನು ನಾವು ಜೋಳದ ದಂಟಿನಿಂದ ಮಾಡುತ್ತಿದ್ದೆವು.

ನಾನು ಮಾನ್ವಿಯವನು. ನಮ್ಮಪ್ಪ ಅಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದರು. ಹೈಸ್ಕೂಲು ಓದಲಿಕ್ಕೆ ನನ್ನನ್ನು ರಾಯಚೂರಿನ ಸೋದರಮಾವನ ಮನೆಗೆ ಕಳಿಸಿದರು. ಆಗ ನಿಜಾಮರ ಸರಕಾರ. ಶುಕ್ರವಾರ ರಜೆ, ಐತವಾರ ಶಾಲೆ. ಪಾಠವೆಲ್ಲ ಉರ್ದುವಿನಲ್ಲಿ. ಪರಮಾಣುವಿಗೆ ಜೌಹರ್ ಅನ್ನಬೇಕು, ಅಣುವಿಗೆ ಸಾಲಿಮಾ ಅನ್ನಬೇಕು. ಮನೆಯಲ್ಲಿ ಸಂಧ್ಯಾವಂದನೆಯ ಮಂತ್ರ, ಶಾಲೆಯಲ್ಲಿ ಜೌಹರ್ ಸಾಲಿಮಾ, ನಡುವಿನ ಹಾದಿಯಲ್ಲಿ ಹುಡುಗರ ಜೊತೆ ಕಲಿತ ಬೈಗುಳ. ನಾಲಿಗೆ ಮೂರಕ್ಕೂ ಹೊಂದಿಕೊಂಡಿತ್ತು. ಒಮ್ಮೊಮ್ಮೆ ಮಾತ್ರ ಸರದಿ ತಪ್ಪಿ ಒಂದು ಕಡೆಯದು ಇನ್ನೊಂದು ಕಡೆ ಬಂದು ಪೆಟ್ಟು ತಿನ್ನಿಸುತ್ತಿತ್ತು.

ಮಾವನ ಮನೆಯಲ್ಲಿ ಮಾವನದೇನೂ ನಡೆಯುತ್ತಿರಲಿಲ್ಲ. ನಡೆಯುತ್ತಿದ್ದದ್ದು ಅವನ ತಾಯಿಯ, ಅಂದರೆ ನನ್ನ ಅಜ್ಜಿಯ ದರ್ಬಾರು. ಅಜ್ಜಿಯ ತವರು ದೇವದುರ್ಗ. ದೇವದುರ್ಗದ ತೊಗರಿಬೇಳೆ ರಾಯಚೂರಿನದಕ್ಕಿಂತ ಬೇಗ ಬೇಯುತ್ತಿತ್ತು, ದೇವದುರ್ಗದ ಸೂರ್ಯ ಇಲ್ಲಿಯವನಿಗಿಂತ ಮರ್ಯಾದಸ್ಥನಾಗಿದ್ದ. ಅವಳ ಮಡಿಯ ಮಾತು ಬಿಡಿ, ಶಾಲೆಯಿಂದ ಬಂದ ನಾನು ಅಂಗಿ ಬಿಚ್ಚಿ ಹಿತ್ತಿಲ ಗೂಟಕ್ಕೆ ಹಾಕುವ ತನಕ ನನಗೆ ಮನೆಯಲ್ಲಿ ನೆರಳು ಬೀಳಿಸುವ ಅಧಿಕಾರವೂ ಇರಲಿಲ್ಲ.

ನಮ್ಮ ಪುಸ್ತಕದಲ್ಲಿ ನೀರಿನ ಚಿತ್ರವೊಂದಿತ್ತು. ನಡುವೆ ಇಂಗ್ಲಿಷಿನ ಓ ಅಕ್ಷರ, ಆ ಕಡೆ ಈ ಕಡೆ ಒಂದೊಂದು ಎಚ್, ಕೂಡಿಸಲಿಕ್ಕೆ ಎರಡು ಗಿಡ್ಡ ಗೆರೆ. ನನಗೆ ಕಂಡದ್ದನ್ನೆಲ್ಲ ನಂಬುವ ರೋಗ. ನೀರಿನಲ್ಲಿ ನಿಜಕ್ಕೂ ಸಣ್ಣ ಕಡ್ಡಿಗಳಿರುತ್ತವೆ, ಬೆಳಕಿಗೆ ಹಿಡಿದು ನೋಡಿದರೆ ಕಾಣಬಹುದು ಅಂತ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯ ತಾಮ್ರದ ಕೊಡದೊಳಗೆ ಬಗ್ಗಿ ನೋಡುತ್ತಿದ್ದೆ.

"ಏನು ಹುಡುಕ್ಲಿಕತ್ತೀಯೋ ಗುಂಡ್ಯಾ?"

"ನೀರಿನಾಗ ಕಡ್ಡಿ ಇರ್ತಾವಂತ ಅಜ್ಜಿ."

"ನನ್ನ ಮಡಿನೀರಿನಾಗ ಕಡ್ಡಿ?"

"ಎಲ್ಲಾ ನೀರಿನಾಗೂ ಇರ್ತಾವಂತ. ಎರಡು ಥರದ ಗಾಳಿ ಕೂಡಿ ನೀರಾಗಿರ್ತದಂತ. ಸಾಲ್ಯಾಗ ಹೇಳ್ಯಾರ."

"ಎರಡು ಥರದ್ದು? ಯಾವ ಯಾವ ಥರದ್ದೋ? ಕೂಡಿಸಿದವರು ಯಾರು?"

ನನ್ನ ಉತ್ತರಕ್ಕೆ ಕಾಯದೆ ಅಜ್ಜಿ ಕೊಡದ ನೀರನ್ನೆಲ್ಲ ಬಾಳೆಗಿಡಕ್ಕೆ ಸುರಿದು, ಮತ್ತೆ ಮೈಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಬಾವಿಗೆ ನಡೆದಳು. "ದೇವದುರ್ಗದಾಗ ನೀರಂದ್ರ ನೀರಿತ್ತು. ಇಲ್ಲೆ ನೀರೂ ಕುಲಗೆಟ್ಟಾವ" ಎಂದು ಗೊಣಗುವುದು ಬಾವಿಯ ತನಕ ಕೇಳುತ್ತಿತ್ತು. ಪಾಪ, ಎಷ್ಟು ಸೇದಿದರೂ ಅದೇ ನೀರು ತಾನೇ ಬರಬೇಕು.

ನಮಗೆ ವಿಜ್ಞಾನ ಕಲಿಸುತ್ತಿದ್ದವರು ಖಾದರ್ ಮಾಸ್ತರು. ಆಗತಾನೇ ಹೈದರಾಬಾದಿನಲ್ಲಿ ಓದು ಮುಗಿಸಿ ಬಂದ ತೆಳ್ಳನೆಯ ಮನುಷ್ಯ, ಶೇರ್ವಾನಿಯ ತೋಳಿಗೆ ಯಾವಾಗಲೂ ಸುಣ್ಣದಕಡ್ಡಿಯ ಪುಡಿ. ಉರ್ದುವಿನಲ್ಲಿ ಶುರುಮಾಡಿ, ಹಳ್ಳಿ ಹುಡುಗರ ಮುಖ ನೋಡಿ ದಖನಿಗೆ ಇಳಿದು, ಅದಕ್ಕೂ ಮುಖ ಅರಳದಿದ್ದರೆ ಕನ್ನಡಕ್ಕೆ ಬರುತ್ತಿದ್ದರು. ಪುಸ್ತಕದಲ್ಲಿಲ್ಲದ ಹೊಸ ಸಂಗತಿಗಳನ್ನು ಹೇಳುವುದೆಂದರೆ ಅವರಿಗೆ ಹಬ್ಬ.

ಮೊದಲ ದಿನ ಉಪ್ಪಿನ ಸಂಗತಿ ಹೇಳಿದರು. ಸೋಡಿಯಂ ತನ್ನಲ್ಲಿದ್ದ ಒಂದು ಎಲೆಕ್ಟ್ರಾನನ್ನು ಕೊಟ್ಟುಬಿಡುತ್ತದೆ, ಕ್ಲೋರಿನ್ ತೆಗೆದುಕೊಂಡುಬಿಡುತ್ತದೆ. ನನಗೆ ತಟ್ಟನೆ ತಿಳಿಯಿತು. ಪುರೋಹಿತರ ಮನೆಯವನಿಗೆ ದಾನದ ವ್ಯವಹಾರ ಹೇಳಿಕೊಡಬೇಕೆ? ಕೊಡುವವರು ಕೊಟ್ಟು ಹಗುರಾಗುತ್ತಾರೆ, ನಾವು ತಗೊಂಡು ಭಾರವಾಗುತ್ತೇವೆ. ಮರುದಿನದ ಪಾಠ ಮಾತ್ರ ಗಂಟಲಿಗಿಳಿಯಲಿಲ್ಲ. ಕೆಲವು ಪರಮಾಣುಗಳು ಕೊಡುವುದೂ ಇಲ್ಲವಂತೆ, ತಗೊಳ್ಳುವುದೂ ಇಲ್ಲವಂತೆ. ತಲಾ ಒಂದು ಎಲೆಕ್ಟ್ರಾನು ತಂದು ನಡುವೆ ಇಟ್ಟು, ಆ ಜೋಡಿಯನ್ನು ಎರಡೂ ತಮ್ಮದೆಂದು ಬಾಳುತ್ತವಂತೆ. ಒಬ್ಬರ ಮಣೆಯ ಮೇಲೆ ಇನ್ನೊಬ್ಬರು ಕೂಡದ ಮನೆಯಲ್ಲಿ ಬೆಳೆದವನಿಗೆ ಇದು ಹೇಗೆ ತಿಳಿದೀತು?

ಮಾಸ್ತರು ಹಲಗೆಯ ಮೇಲೆ ಎರಡು ವರ್ತುಲ ಬರೆದರು. ಒಂದರದು ಚುಕ್ಕಿ, ಇನ್ನೊಂದರದು ಇಂಟು ಗುರುತು. ಎರಡನ್ನೂ ನಡುವೆ ತಂದು ನಿಲ್ಲಿಸಿದರು. ನಮ್ಮ ಮುಖಗಳು ಅರಳಲಿಲ್ಲ. ಕನ್ನಡಕ್ಕೆ ಬಂದರು.

"ಒಂಟೆತ್ತಿನ ಮನಿ ಯಾರದಲೇ ನಿಮ್ಮೊಳಗ?"

ಹಿಂದಿನ ಸಾಲಿನಲ್ಲಿ ಹುಲಿಗೆಪ್ಪ ಮೆಲ್ಲಗೆ ಕೈಯೆತ್ತಿದ. ಗುಂಜಹಳ್ಳಿಯ ತಿಮ್ಮಣ್ಣನ ಮಗ, ನನ್ನ ಜೀವದ ಗೆಳೆಯ. ಒಂಟೆತ್ತಿನವನೆಂದರೆ ಅರ್ಧ ಒಕ್ಕಲಿಗ ಎಂಬ ಲೆಕ್ಕ. ಕ್ಲಾಸೆಲ್ಲ ನಕ್ಕಿತು.

"ಮತ್ತ ಬಿತ್ತೂದು ಹೆಂಗೋ?"

"ಬಾಜೂಮನಿ ಮೌಲಾಕಾಕಾಂದು ಒಂದು ಅದ ಸರ್. ನಮ್ಮದೊಂದು, ಅವರದೊಂದು. ಕೂಡಿಸಿ ಹೂಡ್ತೀವಿ. ಒಂದಿನ ಅವರ ಹೊಲ, ಒಂದಿನ ನಮ್ಮ ಹೊಲ."

"ಹೂಡಿದಾಗ ಜೋಡಿ ಯಾರದು?"

"ಇಬ್ಬರದೂ ಸರ್."

"ಬಸ್! ದೋನೋಂಕಾ!" ಎಂದು ಮಾಸ್ತರು ಹಲಗೆಗೆ ಗುದ್ದಿದರು. "ನಗಬ್ಯಾಡ್ರಿ. ನೀವು ಕುಡಿಯೋ ನೀರು ಇವನ ಮನಿ ಎತ್ತಿನಂಗ ನಿಂತದ."

ಹುಲಿಗೆಪ್ಪನ ಮುಖ ನೋಡಬೇಕಿತ್ತು ನೀವು. ನನಗೆ ಹೊಟ್ಟೆಕಿಚ್ಚಾಯಿತು, ನಮ್ಮ ಮನೆಯಲ್ಲಿ ಅರ್ಧ ಎತ್ತೂ ಇರಲಿಲ್ಲ. ಶಾಣ್ಯಾತನ ತೋರಿಸಲಿಕ್ಕೆ ಎದ್ದು ನಿಂತು ಕೇಳಿದೆ: "ಸರ್, ಕೂಡಿದ ಮ್ಯಾಲೆ ಚುಕ್ಕಿ ಯಾವುದು, ಇಂಟು ಯಾವುದು ಅಂತ ಗುರ್ತು ಹಿಡಿಯೂದು ಹೆಂಗ?"

"ಹಿಡಿಯಾಕ ಆಗಂಗಿಲ್ಲ. ಚುಕ್ಕಿ, ಇಂಟು ನಾವು ಹಾಕಿದ್ದು, ನಮಗ ತಿಳೀಲಿ ಅಂತ. ಅವುಕ್ಕ ಗುರ್ತು ಇಲ್ಲ." ಆಮೇಲೆ ನಮ್ಮಿಬ್ಬರಿಗೂ ಕೆಲಸ ಹಚ್ಚಿದರು. "ಹಲಗಿ ಮ್ಯಾಲೆ ಎಲ್ಲಾ ಚಪ್ಪಟಿ. ಕೈಯಾಗ ಹಿಡಿಯೋ ಹಂಗ ನನಗೊಂದು ಮೀಥೇನ್ ಮಾಡಿ ತರ್ರಿ."

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ಹುಲಿಗೆಪ್ಪ ಊರಿಗೆ ಹೋದ. ಹೋದವನು ಬರಲೇ ಇಲ್ಲ. ಎರಡು ಒಳ್ಳೆಯ ಮಳೆ ಬಿದ್ದವು. ಅವನ ಜಾಗ ಹಾಗೇ ಖಾಲಿ ಇತ್ತು. ಅವನಿಲ್ಲದ ಶಾಲೆ ನನಗೆ ಸೇರುತ್ತಿರಲಿಲ್ಲ, ಅದನ್ನು ಮುಚ್ಚಿಡುವುದೇನಿದೆ. ಗುರುವಾರ ಸಂಜೆ ಮೀಥೇನಿನ ನೆಪ ಹೇಳಿ ಗುಂಜಹಳ್ಳಿಯ ಕಡೆ ಹೊರಟ ಬಂಡಿಯೊಂದನ್ನು ಹತ್ತಿದೆ. ಮೀಥೇನ್ ಅಂದರೆ ಏನು ಅಂತ ಅಜ್ಜಿ ಕೇಳಲಿಲ್ಲ. ನೀರಿನ ಪ್ರಸಂಗವಾದ ಮೇಲೆ ಅವಳು ನನ್ನ ಓದಿನ ಗೊಡವೆಗೆ ಬರುತ್ತಿರಲಿಲ್ಲ.

ಹುಲಿಗೆಪ್ಪ ದನದ ಕೊಟ್ಟಿಗೆಯ ಮುಂದೆ ಗಲ್ಲಕ್ಕೆ ಕೈಹಚ್ಚಿ ಕೂತಿದ್ದ. ನಡೆದದ್ದು ಇಷ್ಟು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಊರ ಅಗಸಿ ಬಾಗಿಲ ಕಡೆ ಓಡಿಸುತ್ತಾರೆ. ಅಗಸಿಗೆ ಅಡ್ಡಲಾಗಿ ಬೇವಿನ ತೊಪ್ಪಲು ಸಿಕ್ಕಿಸಿದ ಹಗ್ಗ ಕಟ್ಟಿರುತ್ತಾರೆ. ಅದೇ ಕರಿ. ಅದನ್ನು ಮೊದಲು ಹರಿದ ಎತ್ತಿಗೆ, ಎತ್ತಿನವನಿಗೆ, ವರ್ಷವಿಡೀ ಮರ್ಯಾದೆ. ಆ ವರ್ಷ ಕರಿ ಹರಿದದ್ದು ತಿಮ್ಮಣ್ಣನ ಬಸ್ಯಾನೋ ಮೌಲಾಸಾಬನ ಮೋತ್ಯಾನೋ ಯಾರಿಗೂ ತಿಳಿಯಲಿಲ್ಲ. ಎರಡೂ ಹಾಲಿನಂಥ ಬಿಳಿ ಎತ್ತು, ಎರಡಕ್ಕೂ ಒಂದೇ ಬಣ್ಣ, ನೊಗದ ರೂಢಿಯಿಂದ ಓಡಿದ್ದೂ ಹೆಗಲಿಗೆ ಹೆಗಲು ಹಚ್ಚಿಕೊಂಡೇ. ಧೂಳಿನಲ್ಲಿ ಕಂಡವರಾರು? ಅರ್ಧ ಊರು ಬಸ್ಯಾ ಅಂದಿತು, ಅರ್ಧ ಊರು ಮೋತ್ಯಾ ಅಂದಿತು. ಮಂದಿಯ ಮಾತು ಇಬ್ಬರ ತಲೆಗೂ ಏರಿತು. "ನನ್ನ ಎತ್ತಿನ ಆಸರಕ್ಕ ನಿನ್ನ ಎತ್ತು ಓಡಿದ್ದು" ಎಂದು ಒಬ್ಬ, "ನನ್ನದಿಲ್ಲಂದ್ರ ನೀ ಬಿತ್ತೋ ಗಂಡಸೇನು" ಎಂದು ಇನ್ನೊಬ್ಬ. ಮರುದಿನ ತಿಮ್ಮಣ್ಣ ಬಸ್ಯಾನ ಕೋಡಿಗೆ ಕೆಂಪು ಬಳಿದ. ಮೌಲಾಸಾಬ ಮೋತ್ಯಾನನ್ನು ಬಿಚ್ಚಿಕೊಂಡು ಹೋಗಿ ತನ್ನ ಬಾಗಿಲಿಗೆ ಕಟ್ಟಿ ಹಸಿರು ಬಳಿದ.

"ನಮ್ಮಪ್ಪ ಚುಕ್ಕಿ ಹಾಕ್ಯಾನ, ಮೌಲಾಕಾಕಾ ಇಂಟು ಹಾಕ್ಯಾನ" ಎಂದ ಹುಲಿಗೆಪ್ಪ.

"ಮತ್ತ ಬಿತ್ತೂದು?"

"ಗೌಡರ ಕಡೆ ಒಂದು ಎತ್ತು ಕುಂಟಾಗ್ಯದ. ಅದರ ಜಾಗಕ್ಕ ಬಸ್ಯಾನ ಕೊಡ್ತಾನಂತ ಅಪ್ಪ. ಎತ್ತಿನ ಜೊತಿ ದುಡಿಯಾಕ ನನ್ನೂ ಕಳಸ್ತಾನಂತ. ಸಾಲಿ ಮುಗೀತು ಗುಂಡಾಚಾರಿ."

ಅವನು ಅಳಲಿಲ್ಲ. ಅತ್ತವನು ನಾನು. ಕೊಡುವುದು, ತಗೊಳ್ಳುವುದು ನನಗೆ ಚೆನ್ನಾಗಿ ತಿಳಿದ ವಿದ್ಯೆ ಅಂದೆನಲ್ಲ, ನನ್ನ ಗೆಳೆಯನನ್ನೇ ಹೀಗೆ ಕೊಟ್ಟುಬಿಡುತ್ತಾರೆ ಎಂದಾಗ ಆ ವಿದ್ಯೆಯ ಮೇಲೆ ಅಸಹ್ಯವಾಯಿತು.

ಮರುದಿನ ಶುಕ್ರವಾರ, ಕೊಟ್ಟಿಗೆಯಲ್ಲಿ ಕೂತು ಮೀಥೇನ್ ಮಾಡಿದೆವು. ಕೊನೆಯದೊಂದು ಸಾಮಾನು ಮಾಸ್ತರಿಗೆ ಕೊಟ್ಟುಬಿಡೋಣ ಎಂದ ಹುಲಿಗೆಪ್ಪ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬಿಳಿ ಬೆಂಡು. ಸುಲಿದ ಸಿಪ್ಪೆಯೇ ಸಿಬರು. ಬೆಂಡು ಕತ್ತರಿಸಿ ಸಿಬರು ಚುಚ್ಚಿ ನಮ್ಮ ಕಡೆಯ ಮಕ್ಕಳು ಬಂಡಿ ಮಾಡುತ್ತಾರೆ, ಕನ್ನಡಕ ಮಾಡುತ್ತಾರೆ. ನಾವು ಒಂದು ದಪ್ಪ ಬೆಂಡನ್ನು ಉರುಟಾಗಿ ಕೆತ್ತಿ ಕಾರ್ಬನ್ ಮಾಡಿದೆವು, ನಾಲ್ಕು ಸಣ್ಣವು ಹೈಡ್ರೋಜನ್. ಹಲಗೆಯ ಮೇಲೆ ಅದು ಕೂಡಿಸುವ ಚಿಹ್ನೆಯ ಹಾಗೆ ಚಪ್ಪಟೆ ಮಲಗಿರುತ್ತಿತ್ತು. ಹುಲಿಗೆಪ್ಪ ನಾಲ್ಕು ಸಿಬರುಗಳನ್ನೂ ಒಂದಕ್ಕೊಂದು ಸಮ ದೂರವಾಗುವಂತೆ ಚುಚ್ಚಿದ. ನೆಲದ ಮೇಲಿಟ್ಟರೆ ನಮ್ಮ ಮನೆಯಲ್ಲಿ ಪಾತ್ರೆ ಇಡುವ ಅಡ್ಡಣಿಗೆಯಂತೆ ಮೂರು ಕಾಲೂರಿ, ನಾಲ್ಕನೆಯದನ್ನು ಮೇಲೆತ್ತಿ ನಿಂತುಬಿಟ್ಟಿತು! ಇಬ್ಬರಿಗೂ ಒಂದು ಗಳಿಗೆ ದುಃಖವೇ ಮರೆತುಹೋಯಿತು.

ಅದನ್ನು ದನಕ್ಕೆ ಮೇವು ಹಾಕುವ ಗೋದಲಿಯ ಕಟ್ಟೆಯ ಮೇಲಿಟ್ಟು ನೋಡುತ್ತ ಕೂತಾಗಲೇ ನನಗೆ ಆ ಘನವಾದ ವಿಚಾರ ಹೊಳೆದದ್ದು. ಗುರುತು ಹಾಕಿದ್ದರಿಂದ ತಾನೇ ಜೋಡಿ ಮುರಿದದ್ದು? ಗುರುತು ಅಳಿಸಿದರೆ ಆಯಿತು. ಗುರುತಿಲ್ಲದ್ದಕ್ಕೇ ಜಗಳ ಶುರುವಾಗಿತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಶಾಸ್ತ್ರ ಓದಿದವನ ತಲೆ!

ಮೌಲಾಸಾಬ ಮಧ್ಯಾಹ್ನದ ನಮಾಜಿಗೆ ಹೋಗಿದ್ದ, ತಿಮ್ಮಣ್ಣ ಕಮ್ಮಾರನ ಹತ್ತಿರ. ಎರಡೂ ಮನೆಯ ತೆಂಗಿನ ಚಿಪ್ಪುಗಳಲ್ಲಿ ಉಳಿದಿದ್ದ ಬಣ್ಣ ಎರಡೇ, ಕೆಂಪು ಮತ್ತು ಹಸಿರು. ಯಾವುದೊಂದೂ ನಾಲ್ಕು ಕೋಡಿಗೆ ಸಾಲುತ್ತಿರಲಿಲ್ಲ. ಕೂಡಿಸಿ ಕಲಸಿದೆವು. ಬಂದ ಬಣ್ಣ ಹಸಿ ಸಗಣಿಯದು. ಬೆರಳಿನಿಂದಲೇ ಬಳಿದೆವು. ಎತ್ತುಗಳು ಸುಮ್ಮನೆ ನಿಂತು ಬಳಿಸಿಕೊಂಡವು. ಅವುಗಳ ಕಣ್ಣಿನಲ್ಲಿ ಮರುಕವಿತ್ತು.

ಆಮೇಲಿನದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನನ್ನ ಎತ್ತಿನ ಕೋಡಿಗೆ ಸಗಣಿ ಮೆತ್ತಿದವ ಯಾವನಲೇ?" ಎಂದು ತಿಮ್ಮಣ್ಣ ಈ ಕಡೆಯಿಂದ ಬಂದ.

"ನನ್ನದಕ್ಕೂ ಮೆತ್ಯಾರ! ನೀನಽ ಮೆತ್ತಿಸಿರಬೇಕು!" ಎಂದು ಮೌಲಾಸಾಬ ಆ ಕಡೆಯಿಂದ ಬಂದ.

ಎರಡು ಮನೆಗಳ ನಡುವಿನ ಬಯಲಿನಲ್ಲಿ ಇಬ್ಬರೂ ಎದುರಾದರು. ಕಾರಹುಣ್ಣಿಮೆಯ ಮೇಲೆ ಮೊದಲ ಮಾತು, ಅದೂ ಬೈಗುಳ. ಅಷ್ಟರಲ್ಲಿ ಹುಲಿಗೆಪ್ಪನ ತಾಯಿ ನಮ್ಮಿಬ್ಬರ ಕೈ ಹಿಡಿದು ಎಳೆದುಕೊಂಡು ಬಂದು ಅಂಗೈ ತೋರಿಸಿದಳು. "ಇಲ್ಲಿ ನೋಡ್ರಿ ನಿಮ್ಮ ಕಳ್ಳರು."

ಹುಲಿಗೆಪ್ಪ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. "ಯಾವುದು ಯಾರದು ಅಂತ ಗುರ್ತು ಸಿಗಬಾರದಂತ ಮಾಡೀವ್ರಿ. ಗುರ್ತು ಇಲ್ಲಂದ್ರ ಜೋಡಿ ಮುರಿಯಂಗಿಲ್ರಿ. ಖಾದರ್ ಮಾಸ್ತರ್ರು ಹೇಳ್ಯಾರ್ರಿ."

ಇಬ್ಬರೂ ನನ್ನನ್ನು ಪಿಳಿಪಿಳಿ ನೋಡಿದರು.

"ಕೋಡಿನ ಬಣ್ಣ ನೋಡಿ ಎತ್ತು ಗುರ್ತು ಹಿಡೀತಾರೇನಲೇ ಶಾಣ್ಯಾ?" ಎಂದು ತಿಮ್ಮಣ್ಣ ಗುಡುಗಿದ. "ಮೋತ್ಯಾನ ಎಡಗಿವಿ ತುದಿ ಹರದದ. ನೀರಿಗೆ ಬಾಯಿ ಹಚ್ಚೂ ಮೊದಲು ಮೂಗಿಲೆ ಊದ್ತದ. ಕತ್ತಲ್ಯಾಗ ಬಂದರೂ ಹೆಜ್ಜಿ ಸಪ್ಪಳಕ್ಕ ಮೋತ್ಯಾ ಅಂತೀನಿ ನಾ."

"ಮತ್ತ ಬಸ್ಯಾನ ಗುರ್ತು ಸಿಗಂಗಿಲ್ಲೇನು?" ಎಂದು ಮೌಲಾಸಾಬ ಅವನಿಗಿಂತ ಜೋರಾಗಿ ಹೇಳಿದ. "ಕಟ್ಟಿದ ಹಗ್ಗ ನೆಕ್ಕೋ ಚಟ ಅದರದು. ನೊಗ ಎತ್ತಿದ್ರ ಸಾಕು, ಕರೀಲಾರದಽ ಎಡಕ್ಕ ಬಂದು ಕುತ್ತಿಗಿ ಕೊಡ್ತದ. ಅಂಥಾ ಸಾಧು ಎತ್ತು ಈ ಸೀಮ್ಯಾಗ ಇಲ್ಲ!"

"ಯಪ್ಪಾ ಯಪ್ಪಾ," ಹುಲಿಗೆಪ್ಪನ ತಾಯಿ ಸೆರಗು ಬಾಯಿಗೆ ಹಚ್ಚಿದಳು. "ತಮ್ಮ ಎತ್ತು ಬಿಟ್ಟು ಇಬ್ಬರೂ ಮಂದಿ ಎತ್ತಿನ ಗುಣ ಹಾಡಾಕತ್ತೀರಲ್ಲ!"

ತಿಮ್ಮಣ್ಣ ನೆಲ ನೋಡಿದ, ಮೌಲಾಸಾಬ ಮುಗಿಲು ನೋಡಿದ. ಅಷ್ಟರಲ್ಲಿ ಹಿಂದಿನಿಂದ ಕರುಂ ಕರುಂ ಎಂದು ಸಪ್ಪಳ. ತಿರುಗಿ ನೋಡುತ್ತೇನೆ, ಗೋದಲಿಯ ಕಟ್ಟೆಗೆ ಬಾಯಿ ಚಾಚಿ ಬಸ್ಯಾ ಜಗಿಯುತ್ತಿದ್ದಾನೆ!

"ಮೀಥೇನ್! ಅಯ್ಯೋ ನಮ್ಮ ಮೀಥೇನ್!" ಎಂದು ನಾನು ಕಿರುಚಿದೆ.

"ಏನಾತೋ? ಏನು ಸತ್ತತೋ?" ಎಂದು ಇಬ್ಬರೂ ಗಾಬರಿಯಾಗಿ ಓಡಿಬಂದರು. ದಂಟಿನ ಬೆಂಡು ಎಂದು ತಿಳಿದಾಗ ಮೊದಲು ನಕ್ಕವನು ಮೌಲಾಸಾಬ. ತಿಮ್ಮಣ್ಣ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಇಬ್ಬರೂ ಗೋದಲಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗು ಇಳಿದ ಮೇಲೆ ಮೌಲಾಸಾಬ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರಿ ನೋಡಿದ.

"ಹಸಿ ಆರಾಕತ್ತದ ತಿಮ್ಮಣ್ಣ."

"ಹೂಂ. ಮುಂಜಾನಿ ಹೂಡೂಣು. ನಿನ್ನ ಹೊಲ ಮೊದಲು."

ಅಷ್ಟೇ. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಮೋತ್ಯಾ ಮತ್ತೆ ತನ್ನ ಹಳೆಯ ಗೂಟಕ್ಕೆ ಬಂದ. ಸಗಣಿ ಬಣ್ಣದ ಕೋಡಿನ ಆ ಜೋಡಿ ಮರುದಿನ ಬೆಳಕು ಹರಿಯುವಾಗ ಹೊಲಕ್ಕೆ ಹೋದದ್ದನ್ನು ನೋಡಿ, ನಾವಿಬ್ಬರೂ ರಾಯಚೂರಿನ ಹಾದಿ ಹಿಡಿದೆವು. ಮೀಥೇನ್ ಎಲ್ಲಿ ಎಂದರು ಖಾದರ್ ಮಾಸ್ತರು. "ಎತ್ತು ತಿಂತ್ರೀ" ಎಂದೆ. ಛಡಿ ಹುಡುಕಿದವರು, ಪೂರಾ ಕಥೆ ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ಇರಲಿ. ಹಲಗಿ ಮ್ಯಾಲಿಂದು ಎಂದೂ ಪೂರಾ ಖರೇ ಇರಂಗಿಲ್ಲ" ಎಂದು ಮೆಲ್ಲಗೆ ಹೇಳಿ, ಚುಕ್ಕಿ ಮತ್ತು ಇಂಟುಗಳನ್ನು ಒರೆಸಿದರು.

ಹುಲಿಗೆಪ್ಪ ಶಾಲೆ ಬಿಡಲಿಲ್ಲ. ಗೌಡರ ಎತ್ತಿನ ಜೊತೆ ಹೋಗಬೇಕಾದವನು ನನ್ನ ಜೊತೆ ಬಂದ. ಒಟ್ಟಿಗೆ ಪಾಸಾದೆವು, ನಿಜಾಮರ ಆಳಿಕೆ ಮುಗಿದ ನಲವತ್ತೆಂಟರ ಗದ್ದಲವನ್ನು ಒಟ್ಟಿಗೆ ದಾಟಿದೆವು, ಇಬ್ಬರೂ ಮಾಸ್ತರಿಕೆಗೆ ಸೇರಿದೆವು. ಆ ಗದ್ದಲದ ತಿಂಗಳುಗಳಲ್ಲೂ ಗುಂಜಹಳ್ಳಿಯ ಆ ಜೋಡಿ ಬಿಡಲಿಲ್ಲ. ಮುಂದೆ ಒಂದು ಬೇಸಿಗೆ ಮೋತ್ಯಾ ಸತ್ತ. ತಿಮ್ಮಣ್ಣನೂ ಮೌಲಾಸಾಬನೂ ಕೂಡಿ ಎರಡು ಹೊಲಗಳ ನಡುವಿನ ಬದುವಿನಲ್ಲಿ ಕುಣಿ ತೋಡಿ ಹೂಳಿದರು. ಬಸ್ಯಾನ ಜೊತೆ ಬೇರೆ ಎತ್ತು ಹೂಡಿ ನೋಡಿದರು, ಬಸ್ಯಾ ಒಗ್ಗಲಿಲ್ಲ, ಅವನನ್ನು ದುಡಿಯುವುದರಿಂದ ಬಿಡಿಸಿಬಿಟ್ಟರು. ಆಮೇಲೆ ನಾನೊಮ್ಮೆ ಹೋದಾಗ ಹುಲಿಗೆಪ್ಪ ನನ್ನನ್ನು ಬಂಡಿದಾರಿಗೆ ಕರೆದುಕೊಂಡು ಹೋಗಿ ತೋರಿಸಿದ. ಬಸ್ಯಾ ನೀರು ಕುಡಿಯಲಿಕ್ಕೆ ಹೋಗುತ್ತಿತ್ತು. ನೊಗವಿಲ್ಲ, ಹಗ್ಗವಿಲ್ಲ, ದಾರಿ ಇಡೀ ಖಾಲಿ. ಆದರೂ ಎಡಗಡೆಯ ಗಾಲಿಜಾಡಿನಲ್ಲೇ ನಡೆಯುತ್ತಿತ್ತು. ಬಲಕ್ಕೆ ಒಂದು ಎತ್ತಿನಷ್ಟು ಜಾಗ ಬಿಟ್ಟಿತ್ತು.

ನಲವತ್ತು ವರ್ಷಕ್ಕೂ ಮೇಲ್ಪಟ್ಟು ನಾನೂ ಹುಲಿಗೆಪ್ಪನೂ ಸಂಜೆ ಸ್ಟೇಶನ್ ರೋಡಿನಲ್ಲಿ ತಿರುಗಾಡಿದೆವು. ಚರಂಡಿಯ ಕಡೆ ನಾನು, ಬಲಕ್ಕೆ ಅವನು. ಹೋದ ಚಳಿಗಾಲ ಅವನು ತೀರಿಕೊಂಡ.

ಶ್ಯಾಮಲಾ ಈಗ ಬಾಗಿಲಲ್ಲಿ ನಿಂತಿದ್ದಾಳೆ. "ತಾತಾ, ವಾಕಿಂಗ್ ನಡಿ, ಇವತ್ತು ನಾನೂ ಬರ್ತೀನಿ. ರೋಡಿನ ನಡುವ ನಡಿಸ್ತೀನಿ ನಿನ್ನ."

ಕೆಂಪು ಗುಂಡನ್ನು ಡಬ್ಬಿಗೆ ಹಾಕಿ ಎದ್ದಿದ್ದೇನೆ. ಅವಳು ನನ್ನ ಎಡಕ್ಕೆ ಬರಲಿ ಅಂತ ಹೇಳಬೇಕು.